ಗುರುವಿಲ್ಲದ ಹೆವಿಸೈಡ್, ರೂಪ ಕೆಡದ ತಂತಿ

ಅಭ್ಯಾಸ ಬೋಧನೆಯಲ್ಲಿ ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡುತ್ತಿದ್ದೆ. ಕೊನೆಯ ಬೆಂಚಿನ ಬಾಲಕಿ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಟ್ಟಳು. ಅವಳಿಗೆ ಗಮನವಿಲ್ಲವೆಂದು ದಿನಚರಿಯಲ್ಲಿ ಬರೆದೆ. ಅವಳಿಗೆ ಕಿವಿ ಸರಿಯಾಗಿ ಕೇಳಿಸದೆಂದು ತಿಳಿದದ್ದು ಎರಡು ವಾರಗಳ ಬಳಿಕ. ಆಗ ಆಲಿವರ್ ಹೆವಿಸೈಡರ ಬದುಕು ನೆನಪಾಯಿತು.

ಹೆವಿಸೈಡ್ 1850ರಲ್ಲಿ ಲಂಡನ್ನಿನ ಬಡ ಕುಟುಂಬವೊಂದರಲ್ಲಿ ಹುಟ್ಟಿದರು. ಬಾಲ್ಯದ ಸ್ಕಾರ್ಲೆಟ್ ಜ್ವರದಿಂದ ಕಿವಿ ಮಂದವಾಯಿತು. ಹದಿನಾರನೆಯ ವಯಸ್ಸಿಗೆ ಶಾಲೆ ಬಿಟ್ಟರು. ಇಂಗ್ಲೆಂಡ್–ಡೆನ್ಮಾರ್ಕ್ ಸಮುದ್ರತಂತಿಯ ಕಚೇರಿಯಲ್ಲಿ ದುಡಿದರು. 1874ರಲ್ಲಿ ಆ ಕೆಲಸವನ್ನೂ ತೊರೆದು, ಮ್ಯಾಕ್ಸ್‌ವೆಲ್ಲರ ಗ್ರಂಥವನ್ನು ಗುರುವಿಲ್ಲದೆ ಮನೆಯಲ್ಲೇ ಅಭ್ಯಸಿಸಿದರು.

ದೂರದ ತಂತಿಯಲ್ಲಿ ಸಂಕೇತ ಕ್ಷೀಣಿಸುವುದಷ್ಟೇ ಅಲ್ಲ, ಅದರ ರೂಪವೂ ಕೆಡುತ್ತದೆ. ಬೇರೆ ಬೇರೆ ಆವೃತ್ತಿಗಳು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ, ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ತಂತಿಯ ಪ್ರೇರಕತೆ ಮತ್ತು ರೋಧಗಳ ಅನುಪಾತವು ಧಾರಕತೆ ಮತ್ತು ಸೋರಿಕೆಗಳ ಅನುಪಾತಕ್ಕೆ ಸಮವಾದರೆ ರೂಪ ಕೆಡದೆಂದು 1887ರಲ್ಲಿ ಹೆವಿಸೈಡ್ ತೋರಿಸಿದರು. ಅದಕ್ಕಾಗಿ ಪ್ರೇರಕತೆಯನ್ನು ಹೆಚ್ಚಿಸಬೇಕಿತ್ತು. ಪ್ರೇರಕತೆಯೇ ಕೆಡುಕೆಂದು ನಂಬಿದ್ದ ಬ್ರಿಟಿಷ್ ಅಂಚೆ ಇಲಾಖೆಯ ವಿಲಿಯಂ ಪ್ರೀಸ್ ಇದನ್ನು ವಿರೋಧಿಸಿದರು. 1900ರ ಸುಮಾರಿಗೆ ಅಮೆರಿಕದಲ್ಲಿ ತಂತಿಗೆ ಸುರುಳಿಗಳನ್ನು ಜೋಡಿಸಿ ಈ ತತ್ತ್ವವನ್ನು ಬಳಕೆಗೆ ತಂದರು. ಅದರ ಪೇಟೆಂಟ್ ಮೈಕೆಲ್ ಪ್ಯುಪಿನ್‌ಗೆ ದೊರೆಯಿತು. ಹೆವಿಸೈಡ್ 1925ರಲ್ಲಿ ಟಾರ್ಕಿಯಲ್ಲಿ ತೀರಿಕೊಂಡರು.

ಅವರು ತಂತಿಯನ್ನೇ ಸರಿಪಡಿಸಲು ಹೊರಟವರು. ಅದು ಸಾಧ್ಯವಾಗದ ಕಡೆ ಈಗ ಸಂಕೇತ ಪಡೆಯುವ ಯಂತ್ರವೇ ದೋಷವನ್ನು ತಿದ್ದುತ್ತದೆ. ಸಾಮಾನ್ಯವಾಗಿ ಮೊದಲೇ ಗೊತ್ತಿರುವ ತರಬೇತಿ ಸಂಕೇತವೊಂದನ್ನು ಕಳುಹಿಸಿ, ಅದು ಎಷ್ಟು ಕೆಟ್ಟಿದೆಯೆಂದು ಅಳೆಯುತ್ತಾರೆ. ಅದಿಲ್ಲದೆ ತಿದ್ದುವ ವಿಧಾನಗಳನ್ನು 1975ರಲ್ಲಿ ಸಾಟೊ, 1980ರಲ್ಲಿ ಗೊಡಾರ್ ಪ್ರಕಟಿಸಿದರು. ಕಳುಹಿಸಿದ್ದೇನೆಂದು ಗೊತ್ತಿಲ್ಲದಿದ್ದರೂ ಅದರ ಸ್ವಭಾವ ಗೊತ್ತಿರುತ್ತದೆ. ಉದಾಹರಣೆಗೆ, ಪ್ರತಿ ಸಂಕೇತದ ಪ್ರಮಾಣವೂ ಒಂದೇ ಎಂಬುದು. ಬಂದದ್ದು ಆ ಸ್ವಭಾವಕ್ಕೆ ಹತ್ತಿರವಾಗುವವರೆಗೆ ಯಂತ್ರ ತನ್ನನ್ನೇ ತಿದ್ದಿಕೊಳ್ಳುತ್ತದೆ. ಆದರೂ ಧನ ಋಣವಾಗಿ, ಋಣ ಧನವಾಗಿ ತಲೆಕೆಳಗಾಗಿರಬಹುದು. ಅದನ್ನು ಬೇರೆ ದಾರಿಯಲ್ಲಿ ಪರೀಕ್ಷಿಸಲೇಬೇಕು.

ತರಗತಿಯಲ್ಲಿ ನಮ್ಮನ್ನು ತಲುಪುವುದು ಮಗುವಿನ ಉತ್ತರ ಮಾತ್ರ. ಪ್ರಶ್ನೆ ಅದರ ಕಿವಿಗೆ ಹೇಗೆ ಬಿತ್ತೆಂಬುದು ಕಾಣದು. ಆದರೆ ಮಗು ತನಗೆ ಕೇಳಿಸಿದ್ದಕ್ಕೆ ಅರ್ಥವಿಟ್ಟೇ ಉತ್ತರಿಸುತ್ತದೆಂದು ನಂಬಿದರೆ, ತಿದ್ದಿಕೊಳ್ಳಬೇಕಾದವರು ನಾವೇ ಎಂದು ತಿಳಿಯುತ್ತದೆ. ಆ ನಂಬಿಕೆಯನ್ನೂ ಪರೀಕ್ಷಿಸಬೇಕಿತ್ತು. ಮರುದಿನ ಬಾಲಕಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಅದೇ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದೆ. ಉತ್ತರ ಸರಿಯಾಗಿತ್ತು. ದಿನಚರಿಯ ಹಳೆಯ ಟಿಪ್ಪಣಿಯನ್ನು ಹೊಡೆದುಹಾಕಿ, ತಪ್ಪು ನನ್ನದೆಂದು ಪಕ್ಕದಲ್ಲಿ ಬರೆದೆ.