ಫಲ ಕಾಣದ ಬಿತ್ತನೆಗಾರ

ನಮ್ಮಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಓದಿದವರಿಗೆ ಶಿಫ್ ಎಂದರೆ 1949ರಲ್ಲಿ ಮೊದಲು ಅಚ್ಚಾದ ಕ್ವಾಂಟಂ ಮೆಕ್ಯಾನಿಕ್ಸ್ ಪಠ್ಯಪುಸ್ತಕ. ಅದನ್ನು ಬರೆದ ಪ್ರೊ. ಲಿಯೊನಾರ್ಡ್ ಶಿಫ್, ನಾವೀಗ ನೆಲೆಸಿರುವ ಬೇ ಏರಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ದುಡಿದವರು. ತಿರುಗುವ ಭೂಮಿ ತನ್ನೊಂದಿಗೆ ದೇಶ-ಕಾಲವನ್ನೂ ತುಸು ಎಳೆದೊಯ್ಯುತ್ತದೆ ಎನ್ನುತ್ತದೆ ಐನ್‌ಸ್ಟೈನರ ಸಿದ್ಧಾಂತ. ಉಪಗ್ರಹದಲ್ಲಿ ಗೈರೊಸ್ಕೋಪ್ ಇರಿಸಿ, ಅದರ ಅಕ್ಷ ವಾಲುವುದನ್ನು ಅಳೆದು ಇದನ್ನು ಪರೀಕ್ಷಿಸಬಹುದೆಂದು 1960ರಲ್ಲಿ ಶಿಫ್ ತೋರಿಸಿಕೊಟ್ಟರು. ಆ ವಾಲಿಕೆ ವರ್ಷಕ್ಕೆ ಡಿಗ್ರಿಯ ಸುಮಾರು ಲಕ್ಷದಲ್ಲೊಂದು ಪಾಲು! ಅಷ್ಟು ಸೂಕ್ಷ್ಮ ಉಪಕರಣ ಆಗ ಇರಲಿಲ್ಲ. ಸಹೋದ್ಯೋಗಿಗಳಾದ ಫೇರ್‌ಬ್ಯಾಂಕ್, ಎವೆರಿಟ್ ಮುಂತಾದವರು ಅದನ್ನು ಕಟ್ಟತೊಡಗಿದರು. ಕೆಲಸ ನಡೆದಿರುವಾಗಲೇ, 1971ರಲ್ಲಿ, ಶಿಫ್ ತೀರಿಕೊಂಡರು. ಗ್ರಾವಿಟಿ ಪ್ರೋಬ್-ಬಿ ಉಪಗ್ರಹ ಹಾರಿದ್ದು 2004ರಲ್ಲಿ; ಅವರ ಲೆಕ್ಕಕ್ಕೆ ಹೊಂದುವ ಉತ್ತರ ಬಂದದ್ದು 2011ರಲ್ಲಿ. ಫಲ ಕಾಣದೆ ಬೀಜ ಬಿತ್ತಿ ಹೋದ ಈ ಹಿರಿಯರಿಗೆ ನಮ್ಮ ನಮನ.