ಆಲಿಸಳ ಕತೆಗಾರ ಲೂಯಿಸ್ ಕ್ಯಾರಲ್

ಮನೆಯಲ್ಲಿ ಕನ್ನಡವೋ ತುಳುವೋ, ಬೀದಿಯಲ್ಲಿ ಮರಾಠಿ, ಲೋಕಲ್ ಗಾಡಿಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡದೊಡನೆ ಇಂಗ್ಲಿಷ್. ಹೀಗೆ ಮುಂಬಯಿಯ ಕನ್ನಡ ವಿದ್ಯಾರ್ಥಿಗಳಾದ ನಾವು ಒಂದೇ ದಿನದಲ್ಲಿ ನಾಲ್ಕೈದು ಭಾಷೆಗಳ ನಡುವೆ ಓಡಾಡುತ್ತೇವೆ. ಉಳಿದ ಭಾಷೆಗಳನ್ನೆಲ್ಲ ಆಡುತ್ತಾಡುತ್ತಲೇ ಕಲಿತ ನಾವು ಇಂಗ್ಲಿಷನ್ನು ಮಾತ್ರ ಅಂಜುತ್ತ ಕಲಿಯುತ್ತೇವೆ. ವ್ಯಾಕರಣ ತಪ್ಪೀತು, ಉಚ್ಚಾರ ಕೆಟ್ಟೀತು, ಕೇಳಿದವರು ನಕ್ಕಾರು ಎಂಬ ಹೆದರಿಕೆಯು ನಮ್ಮಲ್ಲಿ ಹಲವರ ನಾಲಗೆಯನ್ನು ಕಟ್ಟಿಹಾಕುತ್ತದೆ. ಅಂಥ ನಮಗೆ ಇಂಗ್ಲಿಷ್ ತರಗತಿಯಲ್ಲಿ ಓದಲು ದೊರೆತ ಪುಸ್ತಕವೆಂದರೆ, ಆಲಿಸ್ ಎಂಬ ಬಾಲಕಿಯು ಬಿಳಿಯ ಮೊಲವೊಂದರ ಬೆನ್ನುಹತ್ತಿ ಬಿಲದೊಳಗೆ ಬಿದ್ದು ಕಂಡ ವಿಚಿತ್ರ ಲೋಕದ ಕತೆ. ಇಂಗ್ಲಿಷ್ ಭಾಷೆಯನ್ನು ಚೆಂಡಿನಂತೆ ಪುಟಿಸಿ ಆಡಿದ ಈ ಕತೆಗಾರನಿಗೆ ಮಾತೇ ಸಲೀಸಾಗಿ ಬರುತ್ತಿರಲಿಲ್ಲ, ಆತನು ಜೀವಮಾನವೆಲ್ಲ ತೊದಲುತ್ತಿದ್ದನು ಎಂದು ತಿಳಿದಾಗ ನಮಗೆ ಪರಮಾಶ್ಚರ್ಯವಾಯಿತು. ಆ ಮಹನೀಯನ ಜೀವನವೃತ್ತಾಂತವನ್ನು ನಮ್ಮ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಲೂಯಿಸ್ ಕ್ಯಾರಲ್ ಎಂಬುದು ಆತನ ಕಾವ್ಯನಾಮ. ನಿಜನಾಮಧೇಯ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್. ಆತನು ೧೮೩೨ನೆಯ ಇಸವಿ ಜನವರಿ ೨೭ರಂದು ಇಂಗ್ಲೆಂಡಿನ ಚೆಷೈರ್ ಪ್ರಾಂತದ ಡೇರ್ಸ್‌ಬರಿ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಚರ್ಚಿನ ಪಾದ್ರಿ, ಗಣಿತದಲ್ಲಿಯೂ ಪರಿಣತ. ತಾಯಿ ಫ್ರಾನ್ಸಿಸ್ ಜೇನ್. ದಂಪತಿಗಳಿಗೆ ೧೧ ಮಂದಿ ಮಕ್ಕಳು. ಅವರಲ್ಲಿ ಚಾರ್ಲ್ಸ್ ಮೂರನೆಯವನು, ಗಂಡುಮಕ್ಕಳಲ್ಲಿ ಹಿರಿಯನು. ೧೮೪೩ರಲ್ಲಿ ಸಂಸಾರವು ಯಾರ್ಕ್‌ಷೈರಿನ ಕ್ರಾಫ್ಟ್ ಗ್ರಾಮಕ್ಕೆ ಬಂದು ನೆಲಸಿತು. ಅಷ್ಟೊಂದು ಮಂದಿ ತಮ್ಮತಂಗಿಯರನ್ನು ನಗಿಸುವ ಭಾರವು ಈ ಹಿರಿಯ ಮಗನದಾಯಿತು. ಸೂತ್ರದ ಗೊಂಬೆಗಳನ್ನು ಕುಣಿಸಿದನು. ಕಣ್ಕಟ್ಟು ವಿದ್ಯೆ ತೋರಿದನು. ತೋಟದಲ್ಲಿ ಆಟದ ರೈಲುಗಾಡಿಯನ್ನು ಹೂಡಿ, ಅದಕ್ಕೆ ತಾನೇ ನಿಯಮಾವಳಿ ರಚಿಸಿದನು. ಇಷ್ಟು ಸಾಲದೆಂದು ಮನೆಯವರಿಗಾಗಿಯೇ ಕೈಬರಹದ ಪತ್ರಿಕೆಗಳನ್ನು ಹೊರಡಿಸಿದನು. ಅವುಗಳಲ್ಲಿ ಮೊದಲನೆಯದನ್ನು ೧೮೪೫ರಲ್ಲಿ, ಎಂದರೆ ೧೩ ವರ್ಷದ ಬಾಲಕನಾಗಿದ್ದಾಗ, ಸಿದ್ಧಪಡಿಸಿದನು. ಕತೆ, ಕವಿತೆ, ಚಿತ್ರ ಎಲ್ಲವೂ ಬಹುಮಟ್ಟಿಗೆ ಅವನ ಕೈಯಿಂದಲೇ ಬಂದವು. ಶಾಲೆಯ ಕೈಬರಹದ ಪತ್ರಿಕೆಗೆ ಬರೆಯಲು ಸಂಕೋಚಪಡುವ ನಾವು ಇದನ್ನು ನೆನೆಯಬೇಕು.

ಆದರೆ ಮನೆಯ ಹೊರಗಿನ ಲೋಕವು ಅಷ್ಟು ಸುಖಕರವಾಗಿರಲಿಲ್ಲ. ಅವನಿಗೂ ಅವನ ಒಡಹುಟ್ಟಿದವರಲ್ಲಿ ಹಲವರಿಗೂ ತೊದಲು ಇತ್ತು. ಎಳವೆಯಲ್ಲಿ ಬಂದ ಜ್ವರದಿಂದ ಬಲಗಿವಿ ಮಂದವಾಯಿತು. ೧೮೪೬ರಿಂದ ಸುಮಾರು ಮೂರು ವರ್ಷ ರಗ್ಬಿಯ ಪ್ರಸಿದ್ಧ ವಸತಿಶಾಲೆಯಲ್ಲಿದ್ದಾಗ ಬಹುಮಾನಗಳೇನೋ ಧಾರಾಳವಾಗಿ ಬಂದವು. ಆದರೂ ದೊಡ್ಡ ಹುಡುಗರ ಕಾಟದಿಂದ ಆ ದಿನಗಳು ಎಷ್ಟು ಕಹಿಯಾಗಿದ್ದವೆಂದರೆ, ಯಾವ ಬೆಲೆಗೂ ಅವನ್ನು ಮತ್ತೆ ಅನುಭವಿಸಲಾರೆನೆಂದು ಆತನು ಮುಂದೆ ಬರೆದಿಟ್ಟನು. ೧೮೫೧ರ ಜನವರಿಯಲ್ಲಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿಗೆ ಹೋಗಿ ಸೇರಿದನು. ಸೇರಿ ಎರಡು ದಿನವಾಗಿರಲಿಲ್ಲ. ತಾಯಿ ತೀರಿಕೊಂಡಳೆಂಬ ವಾರ್ತೆ ಬಂತು. ಹತ್ತೊಂಬತ್ತರ ತರುಣನು ಬಂದ ದಾರಿಯಲ್ಲೇ ಹಿಂದಿರುಗಬೇಕಾಯಿತು.

ದುಃಖವನ್ನು ನುಂಗಿಕೊಂಡು ಡಾಡ್ಜ್‌ಸನ್ನನು ಅಭ್ಯಾಸದಲ್ಲಿ ತೊಡಗಿದನು. ೧೮೫೪ರಲ್ಲಿ ಗಣಿತದಲ್ಲಿ ಪ್ರಥಮ ದರ್ಜೆಯ ಪದವಿ ಪಡೆದು, ಮರುವರ್ಷ ಅದೇ ಕಾಲೇಜಿನಲ್ಲಿ ಗಣಿತದ ಉಪನ್ಯಾಸಕನಾಗಿ ನೇಮಕಗೊಂಡನು. ೧೮೮೧ರವರೆಗೂ ಆ ಕೆಲಸ ನಡೆಯಿತು. ವಾಸವಂತೂ ಕೊನೆಯವರೆಗೂ ಅಲ್ಲಿಯೇ. ಕಾಲೇಜಿನ ಅಂದಿನ ಕಟ್ಟಳೆಯಂತೆ ಆತನು ಅವಿವಾಹಿತನಾಗಿಯೇ ಉಳಿದನು. ೧೮೬೧ರ ಡಿಸೆಂಬರಿನಲ್ಲಿ ಡೀಕನ್ ದೀಕ್ಷೆಯನ್ನು ಪಡೆದನು, ಪೂರ್ಣ ಪಾದ್ರಿಯಾಗಲಿಲ್ಲ. ತುಂಬಿದ ಸಭೆಯಲ್ಲಿ ನಿಂತು ಮಾತಾಡಬೇಕಾದಾಗ ಕಾಡುವ ತೊದಲು ಇದಕ್ಕೆ ಒಂದು ಕಾರಣವೆಂದು ಚರಿತ್ರಕಾರರು ಹೇಳುತ್ತಾರೆ. ಆತನೇನೂ ಸುಮ್ಮನೆ ಕೈಕಟ್ಟಿ ಕೂಡಲಿಲ್ಲ. ಜೇಮ್ಸ್ ಹಂಟ್ ಎಂಬ ವಾಕ್‌ಚಿಕಿತ್ಸಕನ ಬಳಿಗೆ ಹೋಗಿ ಅಭ್ಯಾಸ ಮಾಡಿದನು. ತೊದಲು ಪೂರ್ತಿಯಾಗಿ ಬಿಡಲಿಲ್ಲ. ಆದರೂ ಪಾಠ ಹೇಳುವುದನ್ನು ಆತನು ನಿಲ್ಲಿಸಲಿಲ್ಲ. ಇಳಿವಯಸ್ಸಿನಲ್ಲಿ ಚರ್ಚುಗಳಲ್ಲಿ ಪ್ರವಚನವನ್ನೂ ಮಾಡಿದನು.

೧೮೫೬ನೆಯ ವರ್ಷವು ಆತನ ಬಾಳಿನಲ್ಲಿ ಮೂರು ಕಾರಣಗಳಿಂದ ಮುಖ್ಯವಾದುದು. ಮೊದಲನೆಯದು, ಕಾವ್ಯನಾಮ. ತನ್ನ ಹೆಸರಿನ ಚಾರ್ಲ್ಸ್ ಲಟ್ವಿಜ್ ಎಂಬ ಎರಡು ಪದಗಳನ್ನು ಲ್ಯಾಟಿನಿಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದಾಗ ಲೂಯಿಸ್ ಕ್ಯಾರಲ್ ಎಂಬ ಹೆಸರು ಹುಟ್ಟಿತು. ಹೆಸರಿನಲ್ಲಿಯೇ ಭಾಷೆಯ ಆಟ! ಎರಡನೆಯದು, ಛಾಯಾಚಿತ್ರಣ. ಅದು ಹೊಸ ವಿದ್ಯೆಯಾಗಿದ್ದ ಕಾಲದಲ್ಲಿ ಕ್ಯಾಮರಾ ಕೊಂಡು, ೧೮೮೦ರವರೆಗೆ ಅದರಲ್ಲಿ ನಿಪುಣನೆನಿಸಿದನು. ಮೂರನೆಯದು, ಕಾಲೇಜಿನ ಮುಖ್ಯಸ್ಥನಾದ ಹೆನ್ರಿ ಲಿಡೆಲನ ಮಕ್ಕಳ ಪರಿಚಯ. ಈ ಲಿಡೆಲನು ಪ್ರಸಿದ್ಧವಾದ ಗ್ರೀಕ್ ನಿಘಂಟಿನ ಸಂಪಾದಕರಲ್ಲೊಬ್ಬನು. ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳೇ ಆಲಿಸ್.

೧೮೬೨ನೆಯ ಜುಲೈ ೪ರಂದು ಡಾಡ್ಜ್‌ಸನ್ನನೂ ಅವನ ಮಿತ್ರ ರಾಬಿನ್‌ಸನ್ ಡಕ್‌ವರ್ತನೂ ಲೊರೀನಾ, ಆಲಿಸ್, ಈಡಿತ್ ಎಂಬ ಆ ಮೂವರನ್ನು ಕರೆದುಕೊಂಡು ದೋಣಿಯಲ್ಲಿ ವಿಹಾರ ಹೊರಟರು. ಆಕ್ಸ್‌ಫರ್ಡಿನಿಂದ ಗಾಡ್‌ಸ್ಟೋ ಗ್ರಾಮದವರೆಗೆ ಥೇಮ್ಸ್ ನದಿಯಲ್ಲಿ ಪಯಣ. ಆಲಿಸಳಿಗೆ ಆಗ ಹತ್ತು ವರ್ಷ. ಮಕ್ಕಳು ಕತೆ ಬೇಕೆಂದು ಹಟಹಿಡಿದರು. ಮುಂದೇನೆಂಬುದನ್ನು ತಾನೂ ಅರಿಯದೆ ಆತನು ಕತೆಯ ನಾಯಕಿಯನ್ನು ಮೊಲದ ಬಿಲದೊಳಕ್ಕೆ ಇಳಿಸಿಬಿಟ್ಟನು. ದೋಣಿ ಸಾಗಿದಂತೆ ಕತೆಯೂ ಸಾಗಿತು. ಅಂದು ಜೊತೆಯಲ್ಲಿದ್ದವರೆಲ್ಲರೂ ಹಕ್ಕಿಗಳ ರೂಪದಲ್ಲಿ ಕತೆಯೊಳಗೆ ಸೇರಿಕೊಂಡಿದ್ದಾರೆ. ಡಕ್‌ವರ್ತನು ಬಾತುಕೋಳಿ, ಲೊರೀನಾ ಗಿಳಿ, ಈಡಿತ್ ಹದ್ದಿನ ಮರಿ, ಕತೆಗಾರನು ತಾನೇ ಡೋಡೋ ಎಂಬ, ಲೋಕದಿಂದ ಅಳಿದುಹೋದ ಪಕ್ಷಿ. ಕತೆಯನ್ನು ಬರೆದುಕೊಡಬೇಕೆಂದು ಆಲಿಸಳು ಕೇಳಿದಳು. ಮಕ್ಕಳ ಕೋರಿಕೆಯನ್ನು ಮರೆತುಬಿಡುವ ದೊಡ್ಡವರ ಸಾಲಿಗೆ ಆತನು ಸೇರಿದವನಲ್ಲ. ಎರಡು ವರ್ಷಕ್ಕೂ ಮಿಕ್ಕಿ ದುಡಿದು, ಅಚ್ಚುಕಟ್ಟಾದ ಕೈಬರಹದಲ್ಲಿ ಬರೆದು, ೩೭ ಚಿತ್ರಗಳನ್ನು ತಾನೇ ರಚಿಸಿ, ೧೮೬೪ರ ನವೆಂಬರ್ ೨೬ರಂದು ಅವಳಿಗೆ ಉಡುಗೊರೆಯಾಗಿ ಕಳುಹಿಸಿದನು.

ಮಿತ್ರರ ಒತ್ತಾಯದಿಂದ ಕತೆಯನ್ನು ಸುಮಾರು ಇಮ್ಮಡಿಯಾಗಿ ಬೆಳೆಸಿ ಅಚ್ಚಿಗೆ ಕೊಟ್ಟನು. ಸುಪ್ರಸಿದ್ಧ ವ್ಯಂಗ್ಯಚಿತ್ರಕಾರ ಜಾನ್ ಟೆನಿಯೆಲನು ೪೨ ಚಿತ್ರಗಳನ್ನು ಬರೆದನು. ೧೮೬೫ರಲ್ಲಿ ಮ್ಯಾಕ್‌ಮಿಲನ್ ಸಂಸ್ಥೆಗಾಗಿ ೨೦೦೦ ಪ್ರತಿಗಳು ಅಚ್ಚಾದವು. ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಟೆನಿಯೆಲನು ಆಕ್ಷೇಪಿಸಲು, ಡಾಡ್ಜ್‌ಸನ್ನನು ಆ ಮುದ್ರಣವನ್ನೇ ಹಿಂತೆಗೆದುಕೊಂಡು ತನ್ನ ಖರ್ಚಿನಲ್ಲಿ ಮತ್ತೆ ಅಚ್ಚುಮಾಡಿಸಿದನು. ದೊಡ್ಡ ಸಿರಿವಂತನಲ್ಲದ ಉಪನ್ಯಾಸಕನೊಬ್ಬನು ಮಕ್ಕಳ ಪುಸ್ತಕವೊಂದಕ್ಕಾಗಿ ಇಷ್ಟು ನಷ್ಟವನ್ನು ಹೊತ್ತನೆಂಬುದು ಗಮನಾರ್ಹ. ಮಕ್ಕಳಿಗೆ ಏನಾದರೂ ಸಾಕು ಎಂಬ ಭಾವನೆ ಆತನಲ್ಲಿ ಲವಲೇಶವೂ ಇರಲಿಲ್ಲ.

ಇನ್ನು ಈ ಪುಸ್ತಕವನ್ನು ತರಗತಿಯಲ್ಲಿ ಓದುವಾಗ ನಮಗೆ ಕಂಡ ಸ್ವಾರಸ್ಯವನ್ನು ಹೇಳಬೇಕು. ಅದರ ಹಾಸ್ಯದಲ್ಲಿ ಬಹುಪಾಲು ಶ್ಲೇಷೆಯ ಮೇಲೆ ನಿಂತಿದೆ. ಶ್ಲೇಷೆಯು ನಮಗೆ ಹೊಸತಲ್ಲ. ಕನ್ನಡದಲ್ಲಿ ಅರಸು ಎಂದರೆ ದೊರೆಯೂ ಹೌದು, ಹುಡುಕು ಎಂಬುದೂ ಹೌದು; ಹತ್ತು ಎಂದರೆ ಸಂಖ್ಯೆಯೂ ಹೌದು, ಏರು ಎಂಬುದೂ ಹೌದು. ಅಂತೆಯೇ ಇಂಗ್ಲಿಷಿನಲ್ಲಿ ಟೇಲ್ ಎಂಬ ಒಂದೇ ಉಚ್ಚಾರಕ್ಕೆ ಕತೆ ಎಂದೂ ಬಾಲ ಎಂದೂ ಅರ್ಥ. ಕಾಗುಣಿತ ಮಾತ್ರ ಬೇರೆ. ಇಲಿಯೊಂದು ತನ್ನ ಕತೆಯನ್ನು ಹೇಳತೊಡಗಿದರೆ ಆಲಿಸಳ ಮನಸ್ಸಿನಲ್ಲಿ ಅದರ ಬಾಲವೇ ಮೂಡುತ್ತದೆ. ಪುಟದ ಮೇಲೆ ಪದ್ಯವೂ ಬಾಲದಂತೆ ಸುತ್ತಿ ಸುತ್ತಿ ಸಣ್ಣದಾಗುತ್ತ ಇಳಿಯುತ್ತದೆ. ಲೆಸನ್ ಎಂದರೆ ಪಾಠ. ಅದೇ ಉಚ್ಚಾರದ ಇನ್ನೊಂದು ಪದಕ್ಕೆ ಕಡಿಮೆಯಾಗು ಎಂದರ್ಥ. ಆದ್ದರಿಂದಲೇ ಕಡಲಿನೊಳಗಿನ ಶಾಲೆಯಲ್ಲಿ ಮೊದಲ ದಿನ ಹತ್ತು ಗಂಟೆ ಪಾಠ, ಮರುದಿನ ಒಂಬತ್ತು, ಹೀಗೆ ದಿನಕ್ಕೊಂದು ಗಂಟೆ ಇಳಿಯುತ್ತದೆ. ಇಂಥ ಶಾಲೆ ಯಾರಿಗೆ ಬೇಡ! ಇವುಗಳನ್ನು ಮೌನವಾಗಿ ಓದಿದರೆ ನಗು ಬರುವುದಿಲ್ಲ. ಗಟ್ಟಿಯಾಗಿ ಓದಿ ಕಿವಿಗೊಟ್ಟರೆ ಮಾತ್ರ ಗುಟ್ಟು ತಿಳಿಯುತ್ತದೆ. ಗಟ್ಟಿಯಾಗಿ ಓದಲು ಅಳುಕುತ್ತಿದ್ದವರೂ ಈ ಪಾಠದಲ್ಲಿ ನಗುವಿನ ಆಸೆಗೆ ಬಾಯಿ ತೆರೆದರು.

ಗಣಿತಜ್ಞನ ಕೈಚಳಕವೂ ಅಲ್ಲಿದೆ. ಗಾಬರಿಯಲ್ಲಿ ಮಗ್ಗಿ ಹೇಳುವ ಆಲಿಸಳಿಗೆ ನಾಲ್ಕೈದಲಿ ೧೨, ನಾಲ್ಕಾರಲಿ ೧೩ ಎಂದು ಬರುತ್ತದೆ. ನೋಡುವುದಕ್ಕೆ ಇದು ಬರಿಯ ಅಸಂಬದ್ಧ. ಆದರೆ ನಾವು ಹತ್ತುಹತ್ತಾಗಿ ಎಣಿಸುವಂತೆ ೧೮ರ ಕಟ್ಟುಗಳಲ್ಲಿ ಎಣಿಸಿದರೆ, ಇಪ್ಪತ್ತು ಎಂಬುದು ಒಂದು ಕಟ್ಟು ಮತ್ತು ಎರಡು, ಎಂದರೆ ೧೨ ಎಂದೇ ಬರೆಯಲ್ಪಡುತ್ತದೆ. ೨೧ರ ಕಟ್ಟುಗಳಲ್ಲಿ ಇಪ್ಪತ್ನಾಲ್ಕು ೧೩ ಆಗುತ್ತದೆ. ಕತೆಯ ಹುಚ್ಚಿನಲ್ಲಿಯೂ ಹೀಗೊಂದು ಕ್ರಮವಿರುವುದನ್ನು ಮುಂದಿನ ಓದುಗರು ಗುರುತಿಸಿದರು. ಅಂದಿನ ಇಂಗ್ಲೆಂಡಿನಲ್ಲಿ ಮಕ್ಕಳ ಪುಸ್ತಕಗಳೆಂದರೆ ಬಹುಮಟ್ಟಿಗೆ ನೀತಿಬೋಧೆಯೇ. ಅಂಥ ಕಂಠಪಾಠದ ಪದ್ಯಗಳು ಆಲಿಸಳ ಬಾಯಲ್ಲಿ ತಲೆಕೆಳಗಾಗಿ ಹೊರಡುತ್ತವೆ. ತಪ್ಪು ಉಚ್ಚರಿಸುವ ಮಗುವನ್ನು ಗದರಿಸದೆ, ಆ ತಪ್ಪಿನಿಂದಲೇ ಹೊಸ ಪದ್ಯವನ್ನು ಕಟ್ಟಿದ ಮೊದಲಿಗರಲ್ಲಿ ಕ್ಯಾರಲನೂ ಒಬ್ಬನೆಂದು ನಮಗೆ ತೋರುತ್ತದೆ.

೧೮೭೧ರ ಕೊನೆಯಲ್ಲಿ, ಕನ್ನಡಿಯ ಆಚೆಗಿನ ಲೋಕಕ್ಕೆ ಆಲಿಸಳು ಹೋಗುವ ಎರಡನೆಯ ಕತೆ ಹೊರಬಂತು. ಅದು ಚದುರಂಗದ ಆಟದಂತೆ ನಡೆಯುತ್ತದೆ. ಅಲ್ಲಿನ ಒಂದು ಪದ್ಯಕ್ಕಾಗಿ ಆತನು ಎರಡು ಪದಗಳನ್ನು ಒಂದರೊಳಗೊಂದು ಮಡಿಸಿ ಹೊಸ ಪದಗಳನ್ನು ಸೃಷ್ಟಿಸಿದನು. ಅವುಗಳಲ್ಲಿ ಚಾರ್ಟಲ್ ಎಂಬುದು ಒಂದು ಬಗೆಯ ನಗುವಿನ ಹೆಸರಾಗಿ ಇಂಗ್ಲಿಷ್ ನಿಘಂಟನ್ನು ಸೇರಿತು. ೧೮೭೯ರಲ್ಲಿ ಒಂದು ಪದಬಂಧದ ಆಟವನ್ನು ಪತ್ರಿಕೆಯಲ್ಲಿ ಪ್ರಕಟಿಸಿದನು: ಒಂದು ಸಲಕ್ಕೆ ಒಂದೇ ಅಕ್ಷರವನ್ನು ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ತಲಪಬೇಕು. ಕನ್ನಡದಲ್ಲಿಯೂ ಇದನ್ನು ಆಡಬಹುದು. ಕಾಡಿನಿಂದ ಹಾಲಿಗೆ ಹೋಗಬೇಕಾದರೆ ಕಾಡು, ಹಾಡು, ಹಾಲು. ಅಥವಾ ಕಾಡು, ಕಾಲು, ಹಾಲು. ಜ್ಯಾಮಿತಿ, ತರ್ಕಶಾಸ್ತ್ರಗಳ ಮೇಲೂ ಗ್ರಂಥಗಳನ್ನು ಬರೆದನು. ಆಕ್ಸ್‌ಫರ್ಡಿನ ಹೆಣ್ಣುಮಕ್ಕಳ ಶಾಲೆಯಲ್ಲಿ ತರ್ಕವನ್ನು ಕಲಿಸಿದನು. ೧೮೬೮ರಲ್ಲಿ ತಂದೆ ತೀರಿಕೊಂಡಾಗ, ಅವಿವಾಹಿತ ಸೋದರಿಯರಿಗಾಗಿ ಗಿಲ್ಡ್‌ಫರ್ಡಿನಲ್ಲಿ ಮನೆಯೊಂದನ್ನು ಹಿಡಿದು ಸಂಸಾರದ ಹೊಣೆ ಹೊತ್ತನು. ತಾನು ಬರೆದ ಮತ್ತು ತನಗೆ ಬಂದ ಪತ್ರಗಳಿಗೆ ಆತನು ಇಟ್ಟ ಲೆಕ್ಕದ ಪುಸ್ತಕದಲ್ಲಿ ಕೊನೆಗೆ ೯೮,೭೨೧ ನಮೂದುಗಳಿದ್ದವು! ಬಾಯಿ ತಡವರಿಸಿದರೂ ಲೇಖನಿ ತಡವರಿಸಲಿಲ್ಲ.

೧೮೯೮ರ ಜನವರಿ ೧೪ರಂದು, ಸೋದರಿಯರ ಆ ಮನೆಯಲ್ಲಿಯೇ, ಶೀತಜ್ವರವು ನ್ಯುಮೋನಿಯಾಕ್ಕೆ ತಿರುಗಿ ಡಾಡ್ಜ್‌ಸನ್ನನು ಕಾಲವಾದನು. ಆತನಿಗೆ ೬೬ ವರ್ಷ ತುಂಬಲು ಎರಡು ವಾರವೂ ಉಳಿದಿರಲಿಲ್ಲ. ಆಲಿಸಳ ಬಾಳಿನಲ್ಲಿಯೂ ಸುಖದುಃಖಗಳು ಬಂದವು. ಅವಳ ಮೂವರು ಮಕ್ಕಳಲ್ಲಿ ಇಬ್ಬರು ಮೊದಲನೆಯ ಮಹಾಯುದ್ಧದಲ್ಲಿ ಮಡಿದರು. ೧೯೨೮ರಲ್ಲಿ ಅವಳು ಆ ಕೈಬರಹದ ಪುಸ್ತಕವನ್ನು ಹರಾಜಿಗಿಡಬೇಕಾಯಿತು. ಅದು ೧೫,೪೦೦ ಪೌಂಡುಗಳಿಗೆ ಮಾರಿಹೋಗಿ ಅಮೆರಿಕವನ್ನು ಸೇರಿತು. ಕತೆಗಾರನ ಜನ್ಮಶತಾಬ್ದಿಯ ವರ್ಷವಾದ ೧೯೩೨ರಲ್ಲಿ, ೮೦ರ ವೃದ್ಧೆಯಾಗಿ ನ್ಯೂಯಾರ್ಕಿನ ಉತ್ಸವಕ್ಕೆ ಹೋಗಿ ಬಂದು, ೧೯೩೪ರಲ್ಲಿ ಅವಳು ತೀರಿಕೊಂಡಳು. ೧೯೪೮ರಲ್ಲಿ ಅಮೆರಿಕದ ಅಭಿಮಾನಿಗಳು ಪುಸ್ತಕವನ್ನು ಬ್ರಿಟನ್ನಿಗೆ ಮರಳಿ ಉಡುಗೊರೆಯಾಗಿ ಕೊಟ್ಟರು. ಈಗ ಅದು ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ.

ಆಲಿಸಳ ಕತೆಯು ೧೭೦ಕ್ಕೂ ಹೆಚ್ಚು ಭಾಷೆಗಳಿಗೆ ಅನುವಾದವಾಗಿದೆ. ಕನ್ನಡಕ್ಕೆ ಅದನ್ನು ‘ಪಾತಾಳದಲ್ಲಿ ಪಾಪಚ್ಚಿ’ ಎಂಬ ಹೆಸರಿನಿಂದ ತಂದವರು ನಾ. ಕಸ್ತೂರಿಯವರು. ಅವರ ಮಾತೃಭಾಷೆ ಮಲಯಾಳ. ಮೈಸೂರಿಗೆ ಅಧ್ಯಾಪಕರಾಗಿ ಬಂದು ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸುವ ‘ಅನರ್ಥಕೋಶ’ದಂಥ ಕೃತಿಯನ್ನು ಅವರು ರಚಿಸಿದರು. ಒಬ್ಬನಿಗೆ ಸ್ವಂತ ಭಾಷೆಯೇ ನಾಲಗೆಯ ಮೇಲೆ ತೊಡರುತ್ತಿತ್ತು. ಇನ್ನೊಬ್ಬರಿಗೆ ಬರೆದ ಭಾಷೆಯು ಹುಟ್ಟಿನಿಂದ ಬಂದುದಲ್ಲ. ಆದರೂ ಇಬ್ಬರೂ ಭಾಷೆಯನ್ನು ದೊಡ್ಡ ದೊರೆಯೆಂದು ದೂರದಲ್ಲಿ ನಿಂತು ಕೈಮುಗಿಯಲಿಲ್ಲ. ಗೆಳೆಯನೆಂದು ಹೆಗಲ ಮೇಲೆ ಕೈಯಿಟ್ಟರು. ಹಲವು ಭಾಷೆಗಳ ಈ ಮಹಾನಗರದಲ್ಲಿ ಬೆಳೆಯುತ್ತಿರುವ ನಾವು ಕಲಿಯಬೇಕಾದುದು ಇದನ್ನೇ. ಕನ್ನಡವನ್ನು ಬಿಡದೆ, ಇಂಗ್ಲಿಷಿಗೆ ಹೆದರದೆ, ಎರಡರಲ್ಲಿಯೂ ಓದೋಣ, ಆಡೋಣ. ತಡವರಿಸಿದರೆ ತಡವರಿಸಲಿ, ವಾಕ್ಯವನ್ನು ಮಾತ್ರ ಅರ್ಧಕ್ಕೆ ಬಿಡದಿರೋಣ.