ಪಂಡಿತಾ ರಮಾಬಾಯಿಯವರು

ಕಾರ್ಕಳ ಸೀಮೆಯ ಮಾಳದ ಬಳಿ ಘಟ್ಟದ ಕಾಡಿನಲ್ಲಿ 1858ನೇ ಇಸವಿಯಲ್ಲಿ ಹುಟ್ಟಿದ ರಮಾಬಾಯಿಯವರು ಬರಗಾಲದಲ್ಲಿ ತಂದೆತಾಯಿಗಳನ್ನೂ ಅಕ್ಕನನ್ನೂ ಕಳಕೊಂಡರು. ಹಸಿವು ಎಂಥದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿ, 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896-97ರ ಕ್ಷಾಮದಲ್ಲಿ ತಾವೇ ಮಧ್ಯಪ್ರಾಂತಕ್ಕೆ ಹೋಗಿ, ಎಲುಬಿನ ಹಂದರಗಳಾಗಿದ್ದ ನೂರಾರು ಬಾಲವಿಧವೆಯರನ್ನೂ ಅನಾಥ ಹುಡುಗಿಯರನ್ನೂ ಕರತಂದರು. ದುಷ್ಟರು ಇಂಥವರನ್ನು ಹಿಡಿದೊಯ್ಯುತ್ತಿದ್ದ ಕಾಲವದು, ತಡಮಾಡುವಂತಿರಲಿಲ್ಲ. ಕರತಂದರೆ ಸಾಕೇ? ಪುಣೆಯ ಸೀಮೆಯ ಕೇಡಗಾಂವದ ಮುಕ್ತಿ ಸದನದಲ್ಲಿ ಅವರಿಗೆ ಮೊದಲು ಅನ್ನ, ಔಷಧ. ಬಳಿಕ ಓದು, ನೇಯ್ಗೆ, ಹೊಲದ ಕೆಲಸ. 1900ರ ಕ್ಷಾಮದ ತರುವಾಯ ಅವರ ಸಂಖ್ಯೆಯು ಸಾವಿರವನ್ನು ಮೀರಿತು. ನಮ್ಮ ಕೆಂಭಾವಿಗೆ ಬಹು ದೂರವಲ್ಲದ ಕಲಬುರ್ಗಿಯಲ್ಲಿಯೂ ಕ್ರೈಸ್ತ ಶಾಲೆಯೊಂದನ್ನು ಸ್ಥಾಪಿಸಿದರು. 1921ರಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತೀರಿಕೊಂಡಳು. ತಾಯಿಯು ಮರಾಠಿ ಸತ್ಯವೇದದ ಭಾಷಾಂತರವನ್ನು ಮುಗಿಸಿ 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು.